ಜಾಗ ಕೊಡೋರು ಯಾರು? ಆರೆಂಜ್ ಕೌಂಟಿಯ ಸೈನಿಕ ಸ್ಮಶಾನದ ಕಥೆ

ಮಾಜಿ ಸೈನಿಕರಿಗೆ ಒಂದು ಸ್ಮಶಾನ ಬೇಕು ಅಂದರೆ ಯಾವ ರಾಜಕಾರಣಿ ತಾನೇ ಬೇಡ ಅಂತಾನೆ? ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಅನ್ನುವ ಜಿಲ್ಲೆಯಲ್ಲೂ ಯಾರೂ ಬೇಡ ಅನ್ನಲಿಲ್ಲ. ಆದರೂ ಅಲ್ಲಿನ ಅರ್ವೈನ್ ನಗರದಲ್ಲಿ ಏಳೆಂಟು ವರ್ಷ ಎಳೆದಾಡಿದ ಮೇಲೆ ಆ ಸ್ಮಶಾನದ ಯೋಜನೆ ಬೇರೆ ಊರಿಗೇ ಹೋಗಬೇಕಾಯಿತು.

ಜಗಳದ ಬೇರು ಇರುವುದು ಅಮೆರಿಕದ ಒಂದು ಹಳೆಯ ವ್ಯವಸ್ಥೆಯಲ್ಲಿ. ಅಲ್ಲಿ ಸೈನಿಕರಿಗಾಗಿ ರಾಷ್ಟ್ರೀಯ ಸ್ಮಶಾನಗಳು ಶುರುವಾದದ್ದು ಅಂತರ್ಯುದ್ಧದ ನಡುವೆ, 1862ರಲ್ಲಿ. ಸೇವೆ ಮುಗಿಸಿ ಗೌರವದಿಂದ ಹೊರಬಂದ ಸೈನಿಕರಿಗೆ ಅಲ್ಲಿ ಗುಂಡಿ, ತಲೆಗಲ್ಲು ಎಲ್ಲ ಪುಕ್ಕಟೆ. ಗಂಡನ ಅಥವಾ ಹೆಂಡತಿಯ ಪಕ್ಕದಲ್ಲೇ ಮಲಗಲೂಬಹುದು. ಆದರೆ ಎಲ್ಲ ಕಡೆ ಕೇಂದ್ರವೇ ಸ್ಮಶಾನ ಕಟ್ಟುವುದಕ್ಕೆ ಆಗುವುದಿಲ್ಲ ಅಲ್ವಾ? ಅದಕ್ಕೆ 1978ರಲ್ಲಿ ರಾಜ್ಯಗಳಿಗೆ ಅನುದಾನ ಕೊಡುವ ಯೋಜನೆ ಬಂತು. ಮೊದಲು ಅರ್ಧ ಖರ್ಚು ಕೊಡುತ್ತಿದ್ದರು. 1998ರ ತಿದ್ದುಪಡಿಯಾದ ಮೇಲೆ ಕಟ್ಟುವ ಖರ್ಚು ಪೂರ್ತಿ ಕೇಂದ್ರದ್ದೇ ಆಯಿತು. ಜಮೀನಿನ ದುಡ್ಡು ಮಾತ್ರ ಅದರಲ್ಲಿ ಸೇರಿಲ್ಲ. ಜಾಗ ನೀವು ಹುಡುಕಿ, ಆಮೇಲೆ ನಿರ್ವಹಣೆಯನ್ನೂ ನೀವೇ ನೋಡಿಕೊಳ್ಳಿ ಅನ್ನುವುದು ಷರತ್ತು. ಆರೆಂಜ್ ಕೌಂಟಿಯಂಥ ಕಡೆ ಜಾಗವೇ ಚಿನ್ನ. ಹಾಗಾಗಿ ಪೂರ್ತಿ ಭಾರ ಬಂದು ಬಿದ್ದದ್ದು ಊರಿನ ಕೌನ್ಸಿಲ್ ಮೇಲೆ.

ಮಾಜಿ ಸೈನಿಕರು ಕೇಳಿದ ಜಾಗವೂ ಎಂಥದ್ದೋ ಒಂದು ಖಾಲಿ ಮೈದಾನ ಆಗಿರಲಿಲ್ಲ. ಎಲ್ ಟೊರೊ ಅನ್ನುವುದು ಮರೀನ್ ಪಡೆಯ ವಿಮಾನ ನೆಲೆ. ಅರ್ವೈನ್ ಮನೆತನದ ದೊಡ್ಡ ಎಸ್ಟೇಟಿನ ಅವರೆ ಜಾತಿಯ ಕಾಳಿನ ಹೊಲಗಳನ್ನು ತೆಗೆದುಕೊಂಡು ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ್ದು. ಕೊರಿಯಾಕ್ಕೆ, ವಿಯೆಟ್ನಾಂಗೆ ಹೋದ ಎಷ್ಟೋ ಹುಡುಗರು ಅಮೆರಿಕದ ನೆಲ ಕೊನೆಯ ಸಲ ಮೆಟ್ಟಿದ್ದು ಅಲ್ಲೇ. 1999ರಲ್ಲಿ ನೆಲೆ ಮುಚ್ಚಿತು. ಅಲ್ಲಿ ವಿಮಾನ ನಿಲ್ದಾಣ ಬೇಕೋ ಪಾರ್ಕ್ ಬೇಕೋ ಅಂತ ವರ್ಷಗಟ್ಟಲೆ ಜಗಳವಾಗಿ, 2002ರಲ್ಲಿ ಮತದಾರರು ಪಾರ್ಕ್ ಕಡೆ ಕೈ ಎತ್ತಿದರು. 2005ರಲ್ಲಿ ಜಮೀನು ಹರಾಜಾಯಿತು. ಲೆನಾರ್ ಅನ್ನುವ ಬಿಲ್ಡರ್ ಕಂಪನಿ ಸುಮಾರು 65 ಕೋಟಿ ಡಾಲರ್‌ಗೆ ಹಿಡಿಯಿತು. ಅದರಲ್ಲಿ ಒಂದು ಭಾಗ ಗ್ರೇಟ್ ಪಾರ್ಕ್ ಅನ್ನುವ ಹೆಸರಿನಲ್ಲಿ ನಗರಕ್ಕೆ ಬಂತು. ಉಳಿದ ಕಡೆ ಮನೆಗಳು ಏಳತೊಡಗಿದವು.

2014ರಲ್ಲಿ ಎಲ್ಲ ಸುಸೂತ್ರವಾಗಿ ಕಾಣುತ್ತಿತ್ತು. ಎಲ್ ಟೊರೊದಲ್ಲಿ ಸೈನಿಕ ಸ್ಮಶಾನ ಆಗಲಿ ಅಂತ ರಾಜ್ಯದ ಶಾಸಕಿ ಶರೋನ್ ಕ್ವಿರ್ಕ್-ಸಿಲ್ವಾ ಮಸೂದೆ ತಂದರು. ಜುಲೈನಲ್ಲಿ ಅರ್ವೈನ್ ಕೌನ್ಸಿಲ್ ಪಾರ್ಕಿನ ಉತ್ತರ ಅಂಚಿನ 125 ಎಕರೆ ಮೀಸಲಿಟ್ಟಿತು. ಸೆಪ್ಟೆಂಬರಿನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು.

ಆಮೇಲೆ ಶುರುವಾಯಿತು ನೋಡಿ. ಆ 125 ಎಕರೆಯಲ್ಲಿ ಹಳೆಯ ರನ್‌ವೇ, ಹ್ಯಾಂಗರ್, ಪಾಳುಬಿದ್ದ ಕಟ್ಟಡಗಳು ಇದ್ದವು. ಅವನ್ನೆಲ್ಲ ಒಡೆದು ಸಾಗಿಸಲೇ ಭಾರಿ ಖರ್ಚು. ಪಕ್ಕದಲ್ಲಿ ಹೊಸ ಮನೆಗಳು, ಹೊಸ ಹೈಸ್ಕೂಲು. ಕಿಟಕಿ ತೆಗೆದರೆ ಸಮಾಧಿ ಕಾಣುತ್ತೆ, ಮನೆ ಬೆಲೆ ಬೀಳುತ್ತೆ ಅಂತ ಕೆಲವರು. ಚೀನೀ ವಾಸ್ತು ಅಂದರೆ ಫೆಂಗ್ ಶೂಯಿ ಪ್ರಕಾರ ಇದು ಒಳ್ಳೆಯದಲ್ಲ ಅಂತ ಇನ್ನು ಕೆಲವರು. ನಗುವ ಹಾಗಿಲ್ಲ. ಸ್ಮಶಾನಕ್ಕೆ ಜಾಗ ಅಂದಾಗ ನಮ್ಮ ಲೇಔಟುಗಳಲ್ಲೂ ಇದೇ ಮಾತು ಕೇಳುತ್ತೇವೆ.

2017ರಲ್ಲಿ ಕೌನ್ಸಿಲ್ ಒಂದು ಅದಲುಬದಲಿಗೆ ಒಪ್ಪಿತು. ಫೈವ್‌ಪಾಯಿಂಟ್ ಅನ್ನುವ ಬಿಲ್ಡರ್ ಕಂಪನಿ ಎರಡು ಫ್ರೀವೇ ಕೂಡುವ ಜಾಗದ ಹತ್ತಿರವಿದ್ದ ತನ್ನ ಸ್ಟ್ರಾಬೆರಿ ಹೊಲ ಕೊಡುವುದು, ನಗರ ಅದಕ್ಕೆ ಬದಲಾಗಿ ಪಾರ್ಕಿನ ಜಾಗ ಬಿಟ್ಟುಕೊಡುವುದು. ಹೊಲದಲ್ಲಿ ಒಡೆಯುವುದಕ್ಕೆ ಏನೂ ಇಲ್ಲ, ಬೇಗ ಕೆಲಸ ಆಗುತ್ತದೆ ಅನ್ನುವುದು ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಜನಕ್ಕೆ ಅದರಲ್ಲಿ ಸೈನಿಕರಿಗಿಂತ ಬಿಲ್ಡರ್ ಜಾಸ್ತಿ ಕಂಡ. ಸಹಿ ಸಂಗ್ರಹವಾಗಿ ವಿಷಯ ಮತಪೆಟ್ಟಿಗೆಗೆ ಹೋಯಿತು. 2018ರ ಜೂನ್‌ನಲ್ಲಿ ಈ ಅದಲುಬದಲಿಗೆ ಮತದಾರರ ಒಪ್ಪಿಗೆ ಕೇಳಿದ 'ಮೆಷರ್ ಬಿ' ಅನ್ನು ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ತಿರಸ್ಕರಿಸಿದರು.

ತಮಾಷೆ ಎಂದರೆ, ಆ 'ಇಲ್ಲ'ಕ್ಕೆ ಎರಡು ಅರ್ಥ ಇತ್ತು. ಬಿಲ್ಡರ್‌ಗೆ ಜಾಗ ಕೊಡಬೇಡಿ ಅಂದವರೂ, ಮೊದಲಿನ ಜಾಗದಲ್ಲೇ ಸ್ಮಶಾನ ಆಗಲಿ ಅಂದವರೂ 'ಇಲ್ಲ' ಒತ್ತಿದ್ದರು. ಮಾಜಿ ಸೈನಿಕರೇ ಎರಡು ಬಣವಾಗಿದ್ದರು. ಬರೀ ಸೋತದ್ದಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾವ ಜಾಗ ಗೆದ್ದಿತು ಅನ್ನುವುದೇ ಗೊತ್ತಾಗದ ಫಲಿತಾಂಶ ಅದು. 2019ರಲ್ಲಿ ಗಾಲ್ಫ್ ಕೋರ್ಸ್‌ಗೆ ಇಟ್ಟಿದ್ದ ಮೂರನೇ ಜಾಗದ ಮಾತು ಬಂತು. 2020ರಲ್ಲಿ ಮತ್ತೆ ಸಹಿ ಸಂಗ್ರಹ ನಡೆದು, ಮೊದಲಿನ ಜಾಗಕ್ಕೇ ಸ್ಮಶಾನ ಅಂತ ಕೌನ್ಸಿಲ್ ನಿಯಮವನ್ನೇ ಮಾಡಿತು. ಕಾಗದದ ಮೇಲೆ ಗಟ್ಟಿ ಬೆಂಬಲ. ರನ್‌ವೇ ಒಡೆಯುವ ದುಡ್ಡು ಮಾತ್ರ ಯಾರ ಜೇಬಿನಿಂದಲೂ ಬರಲಿಲ್ಲ.

ಕಾದು ಸುಸ್ತಾದ ಮಾಜಿ ಸೈನಿಕರ ಸಂಘಗಳು 2021ರಲ್ಲಿ ಅರ್ವೈನ್ ಕಡೆಗೆ ಬೆನ್ನು ತಿರುಗಿಸಿದವು. ಅವರ ಕಣ್ಣು ಬಿದ್ದದ್ದು ಅದೇ ಕೌಂಟಿಯ ಅನಾಹೈಮ್ ನಗರದ ಗುಡ್ಡಗಳ ಜಿಪ್ಸಮ್ ಕಣಿವೆ ಮೇಲೆ. ಅರ್ವೈನ್ ಕಂಪನಿ ಅನ್ನುವ ರಿಯಲ್ ಎಸ್ಟೇಟ್ ಸಂಸ್ಥೆ ಅಲ್ಲಿ 2,500 ಮನೆ ಕಟ್ಟಬೇಕು ಅಂತಿತ್ತು. ಆ ಯೋಚನೆ ಬಿಟ್ಟು 2014ರಲ್ಲಿ ಸುಮಾರು 2,500 ಎಕರೆಯನ್ನು ಕೌಂಟಿಗೆ ದಾನ ಕೊಟ್ಟಿತು. ಅರ್ವೈನ್ ನಗರ ಕೊಡಲಾಗದ ಜಾಗ ಅರ್ವೈನ್ ಹೆಸರಿನ ಕಂಪನಿಯಿಂದ ಸಿಕ್ಕಿತು! ಅದರಲ್ಲಿ 283 ಎಕರೆ ಕೌಂಟಿಯ ಸ್ಮಶಾನ ಮಂಡಳಿಗೆ ಹೋಗಿತ್ತು. ಒಂದು ಭಾಗ ಸಾಮಾನ್ಯ ಜನರಿಗೆ, ಇನ್ನೊಂದು ಸೈನಿಕರಿಗೆ ಅಂತ ಆಯಿತು.

ಈ ಸಲ ಬೆಂಬಲದ ಜೊತೆ ದುಡ್ಡೂ ಬಂತು. ಕೌಂಟಿಯ ಮೇಲ್ವಿಚಾರಕರ ಮಂಡಳಿ 2 ಕೋಟಿ ಡಾಲರ್ ತೆಗೆದಿಟ್ಟಿತು. ಒಂದಾದ ಮೇಲೊಂದು ನಗರದ ಕೌನ್ಸಿಲ್‌ಗಳು ನಿರ್ಣಯ ಮಾಡಿದವು. ಆ ನಿರ್ಣಯಗಳಿಗೆ ಖರ್ಚೇನೂ ಇಲ್ಲ ನಿಜ. ಆದರೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕೂತವರಿಗೆ, ಜಾಗದ ಜಗಳ ಮುಗಿಯಿತು ಅಂತ ನಂಬಿಸಲು ಅವು ಬೇಕಾಗಿದ್ದವು. 2022ರಲ್ಲಿ ಅದೇ ಕ್ವಿರ್ಕ್-ಸಿಲ್ವಾ ಇನ್ನೊಂದು ಮಸೂದೆ ತಂದರು. ಹಳೆಯ ಕಾಯ್ದೆಯಲ್ಲಿ ಎಲ್ ಟೊರೊ ನೆಲೆ ಅಂತ ಇದ್ದ ಕಡೆ ಆರೆಂಜ್ ಕೌಂಟಿ ಅಂತ ತಿದ್ದಿದರು.

ಕಣಿವೆಯ ಕೆಲಸವೂ ಸುಲಭದ್ದಲ್ಲ. ಗುಡ್ಡ ಮಟ್ಟ ಮಾಡಬೇಕು, ನೀರು ಎಳೆದು ತರಬೇಕು. ಆ ಸ್ಮಶಾನ ತೆರೆಯುವ ತನಕ, ಹತ್ತಿರದ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಬೇಕೆಂದರೆ ಕುಟುಂಬದವರು ಪಕ್ಕದ ರಿವರ್‌ಸೈಡ್ ಕೌಂಟಿಗೇ ಹೋಗಬೇಕು. ಅದಕ್ಕೆ ಸದಾ ಟ್ರಾಫಿಕ್ ಕಟ್ಟಿಕೊಂಡಿರುವ 91ನೇ ಫ್ರೀವೇ ಹಿಡಿಯಬೇಕು. ಕೌಂಟಿಯ ಗಡಿ ದಾಟುವ ಮುನ್ನ ಬಲಗಡೆ ಜಿಪ್ಸಮ್ ಕಣಿವೆ ಬರುತ್ತದೆ.