ಕೊಲೈಟಿಸ್ ಹಳತಾದಾಗ: ಕರುಳಿನ ಕ್ಯಾನ್ಸರ್ ಅಪಾಯದ ಲೆಕ್ಕ

ಕೊಲೈಟಿಸ್ ಎಂದರೆ ಇಲ್ಲಿ ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ. ಒಪಿಡಿಯಲ್ಲಿ "ಕೊಲೈಟಿಸ್ ಯಾವಾಗಿಂದ ಇದೆ?" ಎಂದು ಕೇಳಿದರೆ ರೋಗಿ ಹೇಳುವುದು ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಆಗಿ ಕಾಯಿಲೆಗೆ ಹೆಸರು ಬಿದ್ದ ವರ್ಷವನ್ನು. ಕ್ಯಾನ್ಸರ್ ಅಪಾಯ ಎಣಿಸಬೇಕಾದದ್ದು ಅಲ್ಲಿಂದಲ್ಲ, ಮೊದಲ ಲಕ್ಷಣ ಕಂಡ ದಿನದಿಂದ. ಈ ಎರಡರ ನಡುವೆ ಮೂಲವ್ಯಾಧಿ ಎಂದು, ಆಮಶಂಕೆ ಎಂದು, ಉಷ್ಣ ಎಂದು ವರ್ಷಗಳೇ ಕಳೆದಿರುತ್ತವೆ. ಇಸವಿ ನೆನಪಿಲ್ಲದವರಿಗೆ ಜಾತ್ರೆ ನೆನಪಿರುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. "ಮೊದಲ ಸಲ ರಕ್ತ ಹೋದದ್ದು ಯಾವ ಜಾತ್ರೆ ಹೊತ್ತಿಗೆ ಅಮ್ಮಾ?" ಎಂದು ಕೇಳಿ ನೋಡಿ. 2014ರಲ್ಲಿ ರಕ್ತಭೇದಿ ಶುರುವಾಗಿ 2020ರಲ್ಲಿ ರೋಗನಿರ್ಣಯ ಆಗಿದ್ದರೆ, ಲಕ್ಷಣ ಶುರುವಾಗಿ 8 ವರ್ಷಕ್ಕೆ ಕ್ಯಾನ್ಸರ್‌ಗಾಗಿ ಮಾಡಿಸಬೇಕಾದ ಕೊಲೊನೋಸ್ಕೋಪಿ ಬರುವುದು 2022ಕ್ಕೆ, 2028ಕ್ಕಲ್ಲ.

ಒಂದು ಅಪವಾದ ಕಡ್ಡಾಯವಾಗಿ ನೆನಪಿಡಿ. ಪಿಎಸ್‌ಸಿ, ಅಂದರೆ ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಕಾಯಿಲೆ ಜೊತೆಗಿದ್ದರೆ 8 ವರ್ಷ ಕಾಯುವ ಮಾತೇ ಇಲ್ಲ. ಅದು ಪತ್ತೆಯಾದ ವರ್ಷದಿಂದಲೇ ವರ್ಷಕ್ಕೊಂದು ಕೊಲೊನೋಸ್ಕೋಪಿ. ಹಾಗಾಗಿ ಕೊಲೈಟಿಸ್ ರೋಗಿಯ ರಕ್ತಪರೀಕ್ಷೆಯಲ್ಲಿ ಪಿತ್ತನಾಳದ ತೊಂದರೆ ಸೂಚಿಸುವ ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಸುಮ್ಮನೆ ಬಿಡಬೇಡಿ.

ಅಪಾಯ ಎಷ್ಟು? ಪಠ್ಯಗಳಲ್ಲಿ ಬರುವ ಅಂಕಿ 2001ರ ಒಂದು ಮೆಟಾ-ಅನಾಲಿಸಿಸ್‌ನದು (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ): ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ (ಒಳಪದರದಲ್ಲಿ ಹುಣ್ಣಾಗುವ ಬಗೆ) 10 ವರ್ಷಕ್ಕೆ ಶೇ 2, 20ಕ್ಕೆ ಶೇ 8, 30ಕ್ಕೆ ಶೇ 18. ನಂತರದ ಅಧ್ಯಯನಗಳಲ್ಲಿ ಅಪಾಯ ಇದಕ್ಕಿಂತ ಕಡಿಮೆ ಬಂದಿದೆ. ನಿಮ್ಮ ಓದಿನ ಪರೀಕ್ಷೆಯಲ್ಲಿ ಈ ಅಂಕಿ ಬರೆಯಿರಿ, ರೋಗಿಯ ಮುಂದೆ ಶೇ 18 ಎಂದು ಹೆದರಿಸಬೇಡಿ. ಗುದನಾಳಕ್ಕಷ್ಟೇ ಸೀಮಿತವಾದ ಪ್ರಾಕ್ಟೈಟಿಸ್‌ನಲ್ಲಿ ಅಪಾಯ ಹೆಚ್ಚೇನೂ ಏರುವುದಿಲ್ಲ. ಇಡೀ ದೊಡ್ಡ ಕರುಳು ಹಿಡಿದಿದ್ದರೆ ಹೆಚ್ಚು. ಕ್ರೋನ್ಸ್ (ಜೀರ್ಣಾಂಗದ ಯಾವ ಭಾಗದಲ್ಲೂ ಬರಬಹುದಾದ ಇನ್ನೊಂದು ಉರಿಯೂತದ ಕಾಯಿಲೆ) ಕೂಡ ದೊಡ್ಡ ಕರುಳಿನ ಗಣನೀಯ ಭಾಗ ಹಿಡಿದಿದ್ದರೆ ಇದೇ ಲೆಕ್ಕ. ವರ್ಷಕ್ಕಿಂತಲೂ, ಉರಿಯೂತ ಎಷ್ಟು ಜೋರಾಗಿ, ಎಷ್ಟು ಕಾಲ ಉರಿಯಿತು ಎಂಬುದೇ ನಿಜವಾದ ಚಾಲಕ ಎನ್ನಬಹುದು. ಆರಾಮ ಆಯ್ತೆಂದು ಉರಿಯೂತ ತಣಿಸುವ ಮೆಸಲಮಿನ್ ಔಷಧ ಬಿಟ್ಟವರನ್ನು ಬೆನ್ನು ಹತ್ತಬೇಕಾದದ್ದು ಇದಕ್ಕೇ.

ಸಾಮಾನ್ಯ ಕರುಳಿನ ಕ್ಯಾನ್ಸರ್‌ನಲ್ಲಿ ಎಪಿಸಿ ಜೀನ್ ಮೊದಲು ಕೆಡುತ್ತದೆ, ಪಾಲಿಪ್ (ಸಣ್ಣ ಗಂಟು) ಏಳುತ್ತದೆ, ಪಿ53 ಎಂಬ ಇನ್ನೊಂದು ಜೀನ್ ಕೊನೆಗೆ. ಕೊಲೈಟಿಸ್‌ನಿಂದ ಬರುವ ಕ್ಯಾನ್ಸರ್‌ನಲ್ಲಿ ಕ್ರಮ ತಿರುಗುಮುರುಗು: ಪಿ53 ಬೇಗ ಕೆಡುತ್ತದೆ, ಎಪಿಸಿ ತಡವಾಗಿ. ಡಿಸ್ಪ್ಲೇಸಿಯಾ, ಅಂದರೆ ಕ್ಯಾನ್ಸರ್‌ಗೆ ಮೊದಲು ಕೋಶಗಳು ಕೆಡುವುದು, ಚಪ್ಪಟೆಯಾಗಿ ಹರಡುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕೇ ಮಿಥಿಲೀನ್ ಬ್ಲೂ ಅಥವಾ ಇಂಡಿಗೊ ಕಾರ್ಮಿನ್ ಬಣ್ಣ ಸಿಂಪಡಿಸಿ ನೋಡುವುದು. ಬಣ್ಣ ಹಾಕುವ ಅನುಕೂಲ ಇಲ್ಲದಲ್ಲಿ ಹಳೆಯ ಪದ್ಧತಿ: ಪ್ರತಿ 10 ಸೆಂ.ಮೀ.ಗೆ ನಾಲ್ಕು ದಿಕ್ಕಿನಿಂದ ಬಯಾಪ್ಸಿ (ಪರೀಕ್ಷೆಗೆ ತೆಗೆಯುವ ಸಣ್ಣ ತುಣುಕು). ಮಲದಲ್ಲಿ ರಕ್ತ ನೋಡುವ ಎಫ್‌ಐಟಿ ಇದಕ್ಕೆ ಬದಲಿಯಲ್ಲ, ಕೊಲೈಟಿಸ್‌ನಿಂದಲೇ ರಕ್ತ ಬರುತ್ತದಲ್ಲ.

ಕೊಲೊನೋಸ್ಕೋಪಿಯಲ್ಲಿ ಎಲ್ಲ ಕೆಡುವುದು ಕರುಳು ಸ್ವಚ್ಛವಾಗದಾಗ. ಕಬ್ಬಿಣದ ಮಾತ್ರೆ ವಾರ ಮೊದಲೇ ನಿಲ್ಲಿಸಿ. ಎರಡು-ಮೂರು ದಿನ ಹಲಸು, ಬಸಳೆ, ಹರಿವೆ ಬೇಡ. ಹಿಂದಿನ ದಿನ ಗಂಜಿ ತಿಳಿ, ಎಳನೀರು ಸಾಕು. ಕೋಕಂ ಶರಬತ್ತು ಬೇಡವೇ ಬೇಡ, ಆ ಕೆಂಪು ಕರುಳಿನಲ್ಲಿ ರಕ್ತದ ಹಾಗೆ ಕಾಣುತ್ತದೆ. ಕರುಳು ತೊಳೆಯುವ ಪಿಇಜಿ ದ್ರಾವಣವನ್ನು ಎರಡು ಪಾಲು ಮಾಡಿ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4–6 ಗಂಟೆ ಮೊದಲು ಶುರು ಮಾಡಿ 2 ಗಂಟೆ ಮೊದಲೇ ಮುಗಿಸಬೇಕು. ಆ ಹೊತ್ತಿಗೆ ರೋಗಿ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ಬಸ್ಸಿನಲ್ಲಿದ್ದರೆ ಏನು ಗತಿ? ಕುಡಿಯದೆ ಬರುತ್ತಾರೆ, ಪರೀಕ್ಷೆ ವ್ಯರ್ಥ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸುವಾಗ ಹಿಂದಿನ ರಾತ್ರಿಯೇ ಆಸ್ಪತ್ರೆ ಹತ್ತಿರ ಉಳಿಯಲು ಹೇಳಿ. ಸೋಡಿಯಂ ಫಾಸ್ಫೇಟ್ ಔಷಧ ಬಳಸಬೇಡಿ, ಅದೇ ಸಣ್ಣ ಹುಣ್ಣು ಎಬ್ಬಿಸಿ ಕ್ರೋನ್ಸ್ ಎಂದು ದಾರಿ ತಪ್ಪಿಸಬಹುದು.

ಸಾಧ್ಯವಾದರೆ ಕಾಯಿಲೆ ತಣ್ಣಗಿರುವಾಗ ಮಾಡಿಸಿ. ಉರಿಯೂತ ಇದ್ದರೆ ವಾಸಿಯಾಗುತ್ತಿರುವ ಕೋಶಗಳೂ ಡಿಸ್ಪ್ಲೇಸಿಯಾದಂತೆ ಕಾಣುತ್ತವೆ. ಬಯಾಪ್ಸಿ ತುಣುಕುಗಳನ್ನು ಭಾಗಕ್ಕೊಂದು ಬಾಟಲಿಯಲ್ಲಿ ಕಳಿಸಿ. ಒಂದರಲ್ಲೇ ತುಂಬಿದರೆ ತೊಂದರೆ ಎಲ್ಲಿಯದೆಂದು ತಿಳಿಯದು.

ಏನೂ ಸಿಗದಿದ್ದರೆ ಮುಂದಿನದು ಅಪಾಯ ನೋಡಿಕೊಂಡು 1, 3 ಅಥವಾ 5 ವರ್ಷಕ್ಕೆ. ಡಿಸ್ಪ್ಲೇಸಿಯಾ ಬಂದರೆ ಇನ್ನೊಬ್ಬ ಪೆಥಾಲಜಿಸ್ಟ್ ಸ್ಲೈಡ್ ನೋಡಲೇಬೇಕು. ಕಣ್ಣಿಗೆ ಕಾಣುವ ಗಡ್ಡೆಯನ್ನು ಎಂಡೋಸ್ಕೋಪಿಯಲ್ಲೇ ಪೂರ್ತಿ ತೆಗೆಯಲಾದರೆ ನಿಗಾ ಸಾಕು. ಕಾಣದ ಜಾಗದ ಬಯಾಪ್ಸಿಯಲ್ಲಿ ಲೋ-ಗ್ರೇಡ್ (ಕಡಿಮೆ ಮಟ್ಟದ) ಡಿಸ್ಪ್ಲೇಸಿಯಾ ಬಂದರೆ ಬಣ್ಣ ಹಾಕಿ ಪರಿಣತರಿಂದ ಮತ್ತೆ ನೋಡಿಸಬೇಕು. ಹೈ-ಗ್ರೇಡ್ (ತೀವ್ರ ಮಟ್ಟದ್ದು) ಖಚಿತವಾದರೆ ದೊಡ್ಡ ಕರುಳು ತೆಗೆಸುವ ಮಾತುಕತೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕರುಳು ಕಿರಿದಾಗಿರುವುದು ಕಂಡರೆ, ಬಯಾಪ್ಸಿ ಚೆನ್ನಾಗಿದ್ದರೂ ಕ್ಯಾನ್ಸರ್ ಅಲ್ಲವೆಂದು ಸಾಬೀತಾಗುವವರೆಗೆ ಅದನ್ನು ಕ್ಯಾನ್ಸರ್ ಎಂದೇ ಹಿಡಿದು ಸರ್ಜನ್‌ಗೆ ತೋರಿಸಿ.