ಪದ ಪರಿಚಯ: ಟೆನ್ ಪಾಯಿಂಟ್ ಮಸ್ಟ್

2017ರ ಆಗಸ್ಟ್ 5ರಂದು ಮುಂಬೈ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ವಿಜೇಂದರ್ ಸಿಂಗ್ ಚೀನಾದ ಜುಲ್ಪಿಕರ್ ಮೈಮೈತಿಯಾಲಿಯನ್ನು ಹತ್ತು ಸುತ್ತಿನ ವೃತ್ತಿಪರ ಬಾಕ್ಸಿಂಗ್ ಹಣಾಹಣಿಯಲ್ಲಿ ಸೋಲಿಸಿದರು. ಮೂವರು ಜಡ್ಜ್‌ಗಳ ಲೆಕ್ಕ ಹೀಗಿತ್ತು: 96-93, 95-94, 95-94. ನೂರರ ಹತ್ತಿರದ ಅಂಕಿ ಯಾಕೆ, ಸೋತವನಿಗೂ ಇಷ್ಟೊಂದು ಅಂಕ ಯಾಕೆ ಎಂದು ಹೊಸಬರು ಕೇಳುತ್ತಾರೆ. ಉತ್ತರ ಇರುವುದು ‘ಟೆನ್ ಪಾಯಿಂಟ್ ಮಸ್ಟ್’ ಎಂಬ ಪದ್ಧತಿಯಲ್ಲಿ. ಹಳೆಯ ಪಂದ್ಯಗಳನ್ನು ಮನೆಯಲ್ಲಿ ಕೂತು ನೋಡಿ, ಕೈಯಲ್ಲಿ ಪೆನ್ಸಿಲ್ ಹಿಡಿದು ತಾವೇ ಅಂಕ ಹಾಕಬೇಕು ಎನ್ನುವವರು ಮೊದಲು ತಿಳಿಯಬೇಕಾದದ್ದೂ ಇದೇ.

ನಿಯಮ ಸರಳ. ಸುತ್ತು ಗೆದ್ದವನಿಗೆ 10 ಅಂಕ ಕೊಡಲೇಬೇಕು. ಸೋತವನಿಗೆ 9 ಅಥವಾ ಅದಕ್ಕಿಂತ ಕಮ್ಮಿ. ಪುರುಷರ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಂದು ಸುತ್ತು ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಗಂಟೆ ಹೊಡೆದ ಕೂಡಲೇ ಜಡ್ಜ್ ಆ ಸುತ್ತಿನ ಅಂಕ ಬರೆದು ಚೀಟಿ ಒಪ್ಪಿಸಿಬಿಡುತ್ತಾರೆ. ಮುಂದಿನ ಸುತ್ತಿನಲ್ಲಿ ಏನೇ ಆಗಲಿ, ಹಿಂದಿನದನ್ನು ತಿದ್ದುವಂತಿಲ್ಲ. ಹನ್ನೆರಡು ಸುತ್ತಿನ ಪಂದ್ಯ ಎಂದರೆ ನಿಜಕ್ಕೂ ಹನ್ನೆರಡು ಬೇರೆ ಬೇರೆ ಪಂದ್ಯಗಳು. ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಅಲ್ಲಿಗೆ ಮುಗಿಯಿತು; ಬಾಕ್ಸಿಂಗ್‌ನಲ್ಲೂ ನಾಕೌಟ್ ಆದರೆ, ಅಂದರೆ ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ, ಚೀಟಿಗಳಿಗೆ ಬೆಲೆಯಿಲ್ಲ. ನಾಕೌಟ್ ಆಗದೆ ಕೊನೆಯ ಗಂಟೆ ಬಾರಿಸಿದಾಗ ಮಾತ್ರ ಈ ಚಿಕ್ಕ ಚಿಕ್ಕ ತೀರ್ಪುಗಳ ಮೊತ್ತವೇ ಫಲಿತಾಂಶ.

ಮೊತ್ತ ಓದುವುದಕ್ಕೆ ಒಂದು ಉಪಾಯವಿದೆ. ಮಾಮೂಲಿ ಸುತ್ತು 10-9, ಅಂದರೆ ಇಬ್ಬರದೂ ಸೇರಿ 19. ಹತ್ತು ಸುತ್ತಿಗೆ 190, ಹನ್ನೆರಡಕ್ಕೆ 228, ಹದಿನೈದಕ್ಕೆ 285. ವರ್ಲಿಯ ಚೀಟಿಗಳನ್ನು ಕೂಡಿಸಿ ನೋಡಿ: ಮೂರರಲ್ಲೂ 189. ಮೂವರಿಗೂ ಸರಿಯಾಗಿ ಒಂದೇ ಅಂಕ ಕಮ್ಮಿ ಬಂದಿದೆ ಎಂದರೆ ರಿಂಗ್ ಒಳಗೆ ಏನೋ ನಡೆದಿದೆ: ಒಬ್ಬ ನೆಲ ಮುಟ್ಟಿರಬೇಕು, ಇಲ್ಲವೇ ತಪ್ಪಾಟಕ್ಕೆ ರೆಫರಿ ಒಂದು ಅಂಕ ಕಿತ್ತಿರಬೇಕು. ಪಂದ್ಯ ನೋಡದೆಯೂ ಇಷ್ಟು ಹೇಳಬಹುದು. ಹನ್ನೆರಡು ಸುತ್ತಿನ ಪಂದ್ಯದಲ್ಲಿ ಮೊತ್ತ 228ನ್ನು ದಾಟಿದರೆ ಅರ್ಥ ಬೇರೆ. 1993ರ ಸೆಪ್ಟೆಂಬರ್ 10ರಂದು ಸ್ಯಾನ್ ಆಂಟೋನಿಯೊದಲ್ಲಿ ನಡೆದ ಪರ್ನೆಲ್ ವಿಟೇಕರ್–ಹೂಲಿಯೊ ಸೀಸರ್ ಚಾವೆಜ್ ಪಂದ್ಯದಲ್ಲಿ ಇಬ್ಬರು ಜಡ್ಜ್‌ಗಳು 115-115 ಬರೆದರು. ಮೊತ್ತ 230. ಹಾಗಾದರೆ ಅವರು ಕನಿಷ್ಠ ಎರಡು ಸುತ್ತುಗಳನ್ನು ಸಮ ಎಂದು 10-10 ಕೊಟ್ಟಿದ್ದಾರೆ. ಮೂರನೆಯವರು ವಿಟೇಕರ್‌ಗೆ 115-113 ಕೊಟ್ಟಿದ್ದರಿಂದ ಫಲಿತಾಂಶ ‘ಮೆಜಾರಿಟಿ ಡ್ರಾ’ ಆಯಿತು. ವಿಟೇಕರ್ ಗೆದ್ದಿದ್ದರು ಎಂದು ಇವತ್ತಿಗೂ ಹೇಳುವವರೇ ಹೆಚ್ಚು. ಪಂದ್ಯ ನೋಡಿದರೆ ಕಾರಣ ತಿಳಿಯುತ್ತದೆ. 10-10 ನಿಯಮದಲ್ಲಿದ್ದರೂ ಅದನ್ನು ಕೈಯಲ್ಲಾದಷ್ಟು ದೂರ ಇಡಿ. ಒಂದು ಸ್ವಚ್ಛ ಗುದ್ದಿನಷ್ಟು ಮೇಲುಗೈ ಇದ್ದರೂ ಆ ಸುತ್ತು ಅವನದೇ.

ನಾಕ್‌ಡೌನ್ ಆದರೆ ಸಾಮಾನ್ಯವಾಗಿ 10-8, ಒಂದೇ ಸುತ್ತಿನಲ್ಲಿ ಎರಡಾದರೆ 10-7. ಗುದ್ದಿನ ಪರಿಣಾಮವಾಗಿ ಪಾದ ಬಿಟ್ಟು ಮೈಯ ಬೇರಾವ ಭಾಗ ನೆಲಕ್ಕೆ ತಗುಲಿದರೂ ಅದು ನಾಕ್‌ಡೌನ್. ಕೈಗವಸು ಊರಿದರೂ ಸಾಕು. ಹಗ್ಗ ಇಲ್ಲದಿದ್ದರೆ ಬಿದ್ದೇ ಬಿಡುತ್ತಿದ್ದ ಎನ್ನುವಂತಿದ್ದರೂ ರೆಫರಿ ಎಣಿಕೆ ಶುರು ಮಾಡಬಹುದು. ಕಾಲು ಜಾರಿ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಜಾರಿದ್ದೋ ಬಿದ್ದದ್ದೋ ಎಂಬುದು ರೆಫರಿಯ ಮಾತು. ಪರದೆಯ ಮೇಲೆ ನಿಧಾನಗತಿಯಲ್ಲಿ ನಿಮಗೆ ಬೇರೆ ಕಂಡರೂ ಚೀಟಿಯಲ್ಲಿ ರೆಫರಿ ಹೇಳಿದ್ದನ್ನೇ ಬರೆಯಿರಿ, ಪಕ್ಕದಲ್ಲಿ ಒಂದು ಗುರುತು ಹಾಕಿಕೊಳ್ಳಿ. ಇಬ್ಬರೂ ಒಂದೊಂದು ಸಲ ಬಿದ್ದರೆ ಅವು ವಜಾ, ಉಳಿದ ಆಟ ನೋಡಿ 10-9. ಅಂಕ ಕಡಿತವನ್ನು ಸುತ್ತಿನ ಅಂಕ ಹಾಕಿದ ಮೇಲೆ ಕಳೆಯಬೇಕು: 10-9 ಗೆದ್ದವನಿಗೆ ಕಡಿತ ಬಿದ್ದರೆ 9-9, ಸೋತವನಿಗೆ ಬಿದ್ದರೆ 10-8. ಬಹಳ ಜನ ಇಲ್ಲಿ ಎಡವುತ್ತಾರೆ. ಕಡಿತ ಆಯಿತೆಂದು ಸುತ್ತನ್ನೇ ಎದುರಾಳಿಗೆ ಕೊಟ್ಟು, ಮೇಲೆ ಒಂದು ಅಂಕವನ್ನೂ ಕಳೆದು ಎರಡೆರಡು ಸಲ ಶಿಕ್ಷಿಸುತ್ತಾರೆ.

ಸುತ್ತನ್ನು ಗೆದ್ದವರು ಯಾರು ಎಂದು ತೀರ್ಮಾನಿಸುವ ಅಳತೆ ನಾಲ್ಕು: ಸ್ವಚ್ಛವಾಗಿ ತಗುಲಿದ ಗುದ್ದು, ಫಲ ಕೊಟ್ಟ ಆಕ್ರಮಣ, ರಿಂಗ್ ಮೇಲಿನ ಹಿಡಿತ, ರಕ್ಷಣೆ. ನಾಲ್ಕಕ್ಕೂ ಸಮ ತೂಕ ಎಂದುಕೊಂಡರೆ ಲೆಕ್ಕ ಕೆಡುತ್ತದೆ. ಮೊದಲನೆಯದೇ ಮುಖ್ಯ. ಅದರಲ್ಲಿ ಇಬ್ಬರೂ ಸಮ ಇದ್ದಾಗ ಮಾತ್ರ ಉಳಿದವುಗಳ ಕಡೆ ನೋಡಿ. ಮುಂದೆ ಮುಂದೆ ನುಗ್ಗುವವನು ಆಕ್ರಮಣಕಾರಿಯಂತೆ ಕಾಣುತ್ತಾನೆ. ನುಗ್ಗುವಾಗ ಜಾಬ್ (ಮುಂದಿನ ಕೈಯ ನೇರ ಗುದ್ದು) ತಿನ್ನುತ್ತಲೇ ಇದ್ದರೆ ಅದಕ್ಕೆ ಅಂಕವಿಲ್ಲ. ವಿಟೇಕರ್ ಎದುರು ಚಾವೆಜ್‌ಗೆ ಆದದ್ದು ಅದೇ: ವಿಟೇಕರ್ ಹಿಂದೆ ಸರಿಯುತ್ತ, ಪಕ್ಕಕ್ಕೆ ತಿರುಗುತ್ತ, ಬರುವವನ ಮುಖಕ್ಕೆ ಜಾಬ್ ಇಡುತ್ತಿದ್ದರು.

ಗುದ್ದು ತಗುಲಿತೋ ಇಲ್ಲವೋ ನೋಡುವುದು ಹೇಗೆ? ಹೊಡೆಯುವವನ ಕೈ ನೋಡಬೇಡಿ, ತಿನ್ನುವವನ ತಲೆ ನೋಡಿ. ಜಾಬ್ ಸರಿಯಾಗಿ ಕೂತಾಗ ಗದ್ದ ಮೇಲೆದ್ದು ತಲೆ ಹಿಂದಕ್ಕೆ ಚಿಮ್ಮುತ್ತದೆ, ರಿಂಗ್ ದೀಪದ ಬೆಳಕಿನಲ್ಲಿ ಕೂದಲಿನ ಬೆವರು ಹನಿಹನಿಯಾಗಿ ಹಾರುವುದು ಕಾಣುತ್ತದೆ. ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಹೊಡೆಯುವ ಗುದ್ದು) ತಾಗಿದರೆ ತಲೆ ಹೊರಳುತ್ತದೆ. ಎತ್ತಿ ಹಿಡಿದ ಗವಸಿನ ಮೇಲೆ ಬಿದ್ದ ಗುದ್ದು ದೊಡ್ಡ ಸದ್ದು ಮಾಡುತ್ತದೆ, ಪ್ರೇಕ್ಷಕರು ಕೂಗುತ್ತಾರೆ, ತಲೆ ಮಾತ್ರ ಇದ್ದಲ್ಲೇ ಇರುತ್ತದೆ. ಅದು ಅಂಕವಲ್ಲ. ಹೊಟ್ಟೆಗೆ ಬೀಳುವ ಗುದ್ದು ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುತ್ತದೆ. ತಿಂದವನ ಮೊಣಕೈ ಪಕ್ಕೆಗೆ ಅಂಟಿಕೊಳ್ಳುವುದು, ಬಾಯಿ ತೆರೆದುಕೊಳ್ಳುವುದು, ಒಂದೆರಡು ಸುತ್ತಿನ ನಂತರ ಹೆಜ್ಜೆ ಭಾರವಾಗುವುದು ಅದರ ಗುರುತು. ವಿರಾರ್ ಲೋಕಲ್‌ನಲ್ಲಿ ನಿಂತುಕೊಂಡು ಫೋನಿನಲ್ಲಿ ಪಂದ್ಯ ನೋಡಬಹುದು, ಅಂಕ ಹಾಕಲು ಆಗುವುದಿಲ್ಲ. ಆ ಪರದೆಯಲ್ಲಿ ಹೊಟ್ಟೆಯ ಗುದ್ದು ಕಾಣುವುದೇ ಇಲ್ಲ.

ಚೀಟಿಯಲ್ಲಿ ಐದು ಕಲಂ ಗೆರೆ ಹಾಕಿ: ಸುತ್ತು, ಒಬ್ಬನ ಅಂಕ, ಇನ್ನೊಬ್ಬನ ಅಂಕ, ಟಿಪ್ಪಣಿ, ಅನುಮಾನ. ಹಳೆಯ ಕಪ್ಪು-ಬಿಳುಪು ಪಂದ್ಯವಾದರೆ ಹೆಸರಿನ ಮುಂದೆ ಚಡ್ಡಿ ಬಿಳಿಯೋ ಕಪ್ಪೋ ಎಂದು ಬರೆದುಕೊಳ್ಳಿ, ತೆಕ್ಕೆ ಬಿದ್ದಾಗ ಯಾರು ಯಾರೆಂದು ಗೊತ್ತಾಗಲು ಬೇಕಾಗುತ್ತದೆ. ಟಿವಿಯ ಸದ್ದು ಪೂರ್ತಿ ನಿಲ್ಲಿಸಿ. ವೀಕ್ಷಕ ವಿವರಣೆಕಾರರು ಒಬ್ಬನ ಕಡೆ ವಾಲಿದರೆ ನಿಮ್ಮ ಕಣ್ಣೂ ವಾಲುತ್ತದೆ. ಪರದೆಯ ಮೂಲೆಯಲ್ಲಿ ವಾಹಿನಿಯವರ ಅನಧಿಕೃತ ಅಂಕ ತೋರಿಸುತ್ತಿದ್ದರೆ ಅದರ ಮೇಲೆ ಒಂದು ಕಾಗದ ಅಂಟಿಸಿ. ಸುತ್ತನ್ನು ನಿಮಿಷಕ್ಕೊಂದರಂತೆ ಮೂರು ಭಾಗ ಮಾಡಿ, ಪ್ರತಿ ನಿಮಿಷದ ಕೊನೆಗೆ ಯಾರ ಕಡೆ ಎಂದು ಒಂದು ಗೆರೆ ಎಳೆಯಿರಿ. ಈ ಗೆರೆಗಳು ಬೇಕೇ ಬೇಕು, ಏಕೆಂದರೆ ಮನಸ್ಸಿನಲ್ಲಿ ಉಳಿಯುವುದು ಕೊನೆಯ ಅರ್ಧ ನಿಮಿಷ ಮಾತ್ರ. ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ನಾಲ್ಕು ಜನ ಗೆಳೆಯರು ಸೇರಿ ನೋಡುವುದಾದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣಬಾರದು, ಸುತ್ತಿನ ನಡುವೆ ಮಾತೂ ಬೇಡ. ಜೋರು ದನಿಯವನು ಮೊದಲು ಬಾಯಿಬಿಟ್ಟರೆ ಉಳಿದ ಮೂವರ ಅಂಕ ಅವನದೇ ಆಗುತ್ತದೆ.

ಕೊನೆಯ ಅರ್ಧ ನಿಮಿಷದ ಬಲವನ್ನು ನೋಡಬೇಕೆಂದರೆ 1987ರ ಏಪ್ರಿಲ್ 6ರಂದು ಲಾಸ್ ವೇಗಸ್‌ನಲ್ಲಿ ನಡೆದ ಮಾರ್ವಿನ್ ಹ್ಯಾಗ್ಲರ್–ಶುಗರ್ ರೇ ಲೆನಾರ್ಡ್ ಪಂದ್ಯಕ್ಕಿಂತ ಒಳ್ಳೆಯ ಪಾಠ ಇಲ್ಲ. ಹ್ಯಾಗ್ಲರ್ ಎಡಗೈ ನಿಲುವಿನ ಆಟಗಾರ; ಆದರೂ ಬಲಗೈ ನಿಲುವಿನಲ್ಲಿ ಶುರು ಮಾಡಿ ಮೊದಲ ಸುತ್ತುಗಳನ್ನು ಕಳೆದುಕೊಂಡರು. ಆಮೇಲೆ ಒತ್ತಡ ಹೆಚ್ಚಿಸಿದರೂ ಒಂದನೇ ಸುತ್ತಿಗೂ ಹತ್ತನೇ ಸುತ್ತಿಗೂ ಬೆಲೆ ಒಂದೇ. ಕಳೆದದ್ದು ಕಳೆದೇ ಹೋಯಿತು. ಲೆನಾರ್ಡ್ ಸುತ್ತಿನ ಬಹುಪಾಲು ಸುತ್ತಾಡಿ, ಗಂಟೆಗೆ ಮುಂಚೆ ಸರಸರನೆ ಗುದ್ದುಗಳ ಸುರಿಮಳೆ ಸುರಿಸುತ್ತಿದ್ದರು. ಅವುಗಳಲ್ಲಿ ಎಷ್ಟು ತಗುಲಿದವು, ಎಷ್ಟು ಕೈ ಮೇಲೆ ಬಿದ್ದವು ಎಂಬುದೇ ಜಗಳ. ಒಬ್ಬ ಜಡ್ಜ್ ಹ್ಯಾಗ್ಲರ್‌ಗೆ 115-113, ಒಬ್ಬರು ಲೆನಾರ್ಡ್‌ಗೆ 115-113, ಮೂರನೆಯವರು ಲೆನಾರ್ಡ್‌ಗೆ 118-110. ಅಂದರೆ ಒಂದೇ ಪಂದ್ಯವನ್ನು ಒಬ್ಬರು ಹ್ಯಾಗ್ಲರ್‌ಗೆ 7-5 ಸುತ್ತು ಎಂದೂ ಇನ್ನೊಬ್ಬರು ಲೆನಾರ್ಡ್‌ಗೆ 10-2 ಎಂದೂ ನೋಡಿದ್ದಾರೆ. 7-5 ಯಾವ ಕಡೆಗಾದರೂ ಸಮರ್ಥಿಸಿಕೊಳ್ಳಬಹುದು. 10-2 ಒಪ್ಪಲಾಗದು, ಸದ್ದಿಲ್ಲದೆ ನೋಡಿ ನೀವೇ ಹೇಳಿ.

ಒಟ್ಟು ತಗುಲಿದ ಗುದ್ದುಗಳ ಲೆಕ್ಕದಿಂದಲೂ ತೀರ್ಪು ತೆಗೆಯಲಾಗದು. 1999ರ ಮಾರ್ಚ್ 13ರ ಲೆನಾಕ್ಸ್ ಲೂಯಿಸ್–ಇವ್ಯಾಂಡರ್ ಹೋಲಿಫೀಲ್ಡ್ ಪಂದ್ಯದಲ್ಲಿ, ಗುದ್ದುಗಳನ್ನು ಲೆಕ್ಕ ಹಾಕುವ ಕಾಂಪ್ಯುಬಾಕ್ಸ್ ಸಂಸ್ಥೆಯ ಎಣಿಕೆಯಂತೆ ಲೂಯಿಸ್‌ದು 348, ಹೋಲಿಫೀಲ್ಡ್‌ದು 130, ಫಲಿತಾಂಶ ಡ್ರಾ. ಆ ತೀರ್ಪು ತಪ್ಪು ಎನ್ನಲು ಬೇಕಾದಷ್ಟು ಆಧಾರವಿದೆ, ಆದರೆ ಆ ಆಧಾರವನ್ನು ಸುತ್ತು ಸುತ್ತಾಗಿ ತೋರಿಸಬೇಕು. ಒಂದು ಸುತ್ತಿನಲ್ಲಿ ನಲವತ್ತು ಹೊಡೆದು ಗೆದ್ದರೂ 10-9, ನಾಲ್ಕು ಹೆಚ್ಚು ಹೊಡೆದು ಗೆದ್ದರೂ 10-9.

ಹಳೆಯ ಪಂದ್ಯಗಳಲ್ಲಿ ಇನ್ನೊಂದು ತೊಡಕು: ಆಗ ಎಲ್ಲ ಕಡೆ ಈ ಪದ್ಧತಿ ಇರಲಿಲ್ಲ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿ–ಫ್ರೇಜಿಯರ್ ಮೊದಲ ಪಂದ್ಯ ನಡೆದಾಗ ಎಣಿಸಿದ್ದು ಗೆದ್ದ ಸುತ್ತುಗಳನ್ನು, ಅಂಕಗಳನ್ನಲ್ಲ. ರೆಫರಿ 8-6, ಒಂದು ಸಮ, ಇಬ್ಬರು ಜಡ್ಜ್‌ಗಳು 9-6 ಮತ್ತು 11-4, ಮೂರೂ ಫ್ರೇಜಿಯರ್‌ಗೆ. ಹದಿನೈದನೇ ಸುತ್ತಿನಲ್ಲಿ ಎಡಗೈ ಹುಕ್ ತಿಂದು ಅಲಿ ಅಂಗಾತ ಬಿದ್ದದ್ದು ಆ ಲೆಕ್ಕದಲ್ಲಿ ಬರೀ ಒಂದು ಸುತ್ತು, ನಾಕ್‌ಡೌನ್‌ಗೆ ಹೆಚ್ಚುವರಿ ಏನೂ ಇಲ್ಲ. ಅದೇ ತಿಂಗಳು ಇಂಗ್ಲೆಂಡ್‌ನಲ್ಲಿ ಜೋ ಬಗ್ನರ್ ಹೆನ್ರಿ ಕೂಪರ್‌ರನ್ನು ಸೋಲಿಸಿದ್ದು ಕಾಲು ಅಂಕದಿಂದ. ಅಲ್ಲಿ ಜಡ್ಜ್‌ಗಳೇ ಇರಲಿಲ್ಲ, ರೆಫರಿಯೊಬ್ಬರದೇ ಚೀಟಿ. ಇಂಥ ಪಂದ್ಯಕ್ಕೆ 10-9 ಹಾಕಿಕೊಳ್ಳಿ, ಆದರೆ ಅಧಿಕೃತ ಅಂಕಿಯ ಜೊತೆ ಹೋಲಿಸುವಾಗ ಯಾವ ಪದ್ಧತಿ ಎಂದು ನೋಡಿಕೊಳ್ಳಿ.

ಹವ್ಯಾಸಿ ಬಾಕ್ಸಿಂಗ್‌ನದು ಬೇರೆಯೇ ಕಥೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಾಯ್ ಜೋನ್ಸ್ ಜಡ್ಜ್‌ಗಳ 3-2 ತೀರ್ಪಿನಿಂದ ಸೋತದ್ದು ದೊಡ್ಡ ರಂಪವಾಗಿ, 1992ರ ಬಾರ್ಸಿಲೋನಾಕ್ಕೆ ಗುಂಡಿ ಒತ್ತಿ ಗುದ್ದು ಎಣಿಸುವ ಯಂತ್ರ ಬಂತು. 2008ರಲ್ಲಿ ವಿಜೇಂದರ್ ಸೆಮಿಫೈನಲ್ ಸೋತ 5-8, 2012ರಲ್ಲಿ ಮೇರಿ ಕೋಮ್ ಸೋತ 6-11 ಇಂಥ ಗುದ್ದಿನ ಎಣಿಕೆಗಳು. 2013ರಲ್ಲಿ ಯಂತ್ರ ಹೋಗಿ ಹವ್ಯಾಸಿಗಳಿಗೂ ಟೆನ್ ಪಾಯಿಂಟ್ ಮಸ್ಟ್ ಬಂತು. ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನ ಹುಡುಗರು ಇವತ್ತು ಆಡುವುದೂ ಇದರ ಅಡಿಯಲ್ಲೇ.

ಶುರು ಮಾಡುವವರು ಹ್ಯಾಗ್ಲರ್–ಲೆನಾರ್ಡ್ ಪೂರ್ತಿ ಪಂದ್ಯ ಹುಡುಕಿ. ಕತ್ತರಿಸಿದ ತುಣುಕು ಬೇಡ, ಅದರಲ್ಲಿ ಖಾಲಿ ನಿಮಿಷಗಳು ಹೋಗಿರುತ್ತವೆ, ಸುತ್ತಿನ ತೂಕ ಸಿಗುವುದಿಲ್ಲ. ಅಂಕ ಹಾಕಿ ಚೀಟಿ ಮಡಚಿಡಿ. ಕೆಲವು ವಾರ ಬಿಟ್ಟು, ಅದನ್ನು ತೆರೆಯದೆ, ಇನ್ನೊಂದು ಚೀಟಿ ಹಾಕಿ. ಎರಡರಲ್ಲೂ ಬೇರೆ ಬೇರೆ ಬಂದ ಸುತ್ತುಗಳಷ್ಟನ್ನೇ ಮೂರನೇ ಸಲ ನೋಡಿ, ಈ ಬಾರಿ ಲೆನಾರ್ಡ್‌ರ ಕೈ ಬಿಟ್ಟು ಹ್ಯಾಗ್ಲರ್‌ರ ತಲೆ ಮಾತ್ರ ನೋಡಿ.