ಶಿಖರದ ಬಂಬಲ್‌ಬೀ: ನೊಣ ಎಣಿಸಿದರೆ ಸಾಲದು, ಗೂಡು ಎಣಿಸಿ

ಎರಡು ಶಿಖರಗಳಿಂದ ಮೂವತ್ತು ಮೂವತ್ತು ಬಂಬಲ್‌ಬೀ (ಜೇನುನೊಣದ ಸಂಬಂಧಿಯಾದ, ಮೈತುಂಬ ಕೂದಲಿನ ದಪ್ಪ ನೊಣ) ಹಿಡಿದು, ಡಿಎನ್‌ಎ ಓದಿಸಿ, ‘ಇವು ಬೇರ್ಪಟ್ಟಿವೆ, ಹೊಸ ಪ್ರಭೇದವಾಗುವ ಹಾದಿಯಲ್ಲಿವೆ’ ಎಂದು ಬರೆದ ಸಂಶೋಧನಾ ಲೇಖನಗಳ ಕರಡುಗಳು ಮತ್ತೆ ಮತ್ತೆ ಕೈಗೆ ಬರುತ್ತವೆ. ಮರವೂ ಬೆಳೆಯದ ಎತ್ತರದಲ್ಲಿ ಗಾಳಿಗೆ ಎದುರಾಗಿ ಬಲೆ ಬೀಸಿದವರ ಶ್ರಮದ ಮೇಲೆ ನನಗೆ ಗೌರವವಿದೆ. ಆದರೂ ಕೇಳಲೇಬೇಕು: ಮೂವತ್ತು ನೊಣ ಸರಿ, ಎಷ್ಟು ಗೂಡು?

ಈ ಪ್ರಶ್ನೆ ಯಾಕೆ ಮುಖ್ಯ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ, ಎಡವುವುದು ಇಲ್ಲಿಯೇ. ಹೆಚ್ಚಿನ ಬಂಬಲ್‌ಬೀ ರಾಣಿಯರು ಒಂದೇ ಗಂಡಿನೊಂದಿಗೆ ಕೂಡುತ್ತವೆ. ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಅದರಲ್ಲಿರುವುದು ಕ್ರೋಮೋಸೋಮುಗಳ ಒಂದೇ ಸೆಟ್, ಹೆಣ್ಣಿನಲ್ಲಿ ಎರಡು. ಹಾಗಾಗಿ ಅದರ ವೀರ್ಯಾಣುಗಳೆಲ್ಲ ಒಂದೇ ಅಚ್ಚು. ಒಂದು ಗೂಡಿನಲ್ಲಿ ಸಾವಿರ ಕೆಲಸಗಾರ ನೊಣಗಳಿದ್ದರೂ ಯಾವುದೇ ಜೀನಿಗೆ ಅಲ್ಲಿರುವುದು ಮೂರೇ ಪ್ರತಿ: ತಾಯಿಯವು ಎರಡು, ತಂದೆಯದು ಒಂದು. ನೀವು ಹಿಡಿದ ಮೂವತ್ತು ನೊಣ ಆರು ಗೂಡುಗಳವು ಎಂದುಕೊಳ್ಳಿ. ನೊಣಕ್ಕೆರಡರಂತೆ ಲೆಕ್ಕದಲ್ಲಿ ಅರವತ್ತು ಪ್ರತಿ ಕಾಣುತ್ತದೆ, ಸ್ವತಂತ್ರವಾಗಿರುವುದು ಹದಿನೆಂಟು. ಉಳಿದ ನಲವತ್ತೆರಡು ಅವುಗಳದೇ ನಕಲು. ಈ ಶಿಖರದಲ್ಲಿ ಆರು ಕುಟುಂಬ, ಆ ಶಿಖರದಲ್ಲಿ ಬೇರೆ ಆರು ಕುಟುಂಬ. ಕುಟುಂಬ-ಕುಟುಂಬಗಳ ನಡುವಿನ ವ್ಯತ್ಯಾಸವನ್ನು ಗಣಕಯಂತ್ರ ಶಿಖರ-ಶಿಖರಗಳ ನಡುವಿನ ವ್ಯತ್ಯಾಸವೆಂದು ತೋರಿಸುತ್ತದೆ. ಒಂದೇ ಹೂಹಾಸಿನ ಮುಂದೆ ನಿಂತು ಹಿಡಿದಿದ್ದರಂತೂ ಅಕ್ಕತಂಗಿಯರೇ ಬಲೆಗೆ ಬಿದ್ದಿರುವ ಸಂಭವ ಹೆಚ್ಚು.

ಹಿಡಿಯುವಾಗ ಒಂದು ಹೂಹಾಸಿನಿಂದ ಒಂದೋ ಎರಡೋ ನೊಣ ಸಾಕು, ಮುಂದಿನದಕ್ಕೆ ಕೆಲವು ನೂರು ಮೀಟರ್ ನಡೆಯಿರಿ. ಮಧ್ಯದ ಕಾಲಿನ ಪಾದದ ತುದಿ ಕತ್ತರಿಸಿ, 95 ಶೇಕಡಾ ಎಥನಾಲಿನಲ್ಲಿ ಹಾಕಿ, ನೊಣವನ್ನು ಬಿಟ್ಟುಬಿಡಿ. ಪ್ರಯೋಗಾಲಯದಲ್ಲಿ ಹತ್ತು ಹನ್ನೆರಡು ಮೈಕ್ರೋಸ್ಯಾಟಲೈಟ್ ಗುರುತುಗಳಿಂದ (ಕುಟುಂಬದಿಂದ ಕುಟುಂಬಕ್ಕೆ ಉದ್ದ ಬದಲಾಗುವ, ಮರುಕಳಿಸುವ ಡಿಎನ್‌ಎ ತುಣುಕುಗಳಿಂದ) ಯಾವ ನೊಣ ಯಾವ ಗೂಡಿನದು ಎಂದು ವಿಂಗಡಿಸಿ, ಗೂಡಿಗೊಂದರಂತೆ ಉಳಿಸಿ, ಆಮೇಲೆ ಲೆಕ್ಕ ಮಾಡಿ. ಹತ್ತರಲ್ಲೊಂದು ಸ್ಯಾಂಪಲ್ಲನ್ನಾದರೂ ಎರಡನೇ ಸಲ ಓದಿಸಿ. ಒಂದು ಪ್ರತಿ ಓದಿನಲ್ಲಿ ತಪ್ಪಿಹೋದರೆ ನಿಜವಾದ ಅಕ್ಕತಂಗಿಯರೂ ಬೇರೆ ಮನೆಯವರಂತೆ ಕಾಣುತ್ತಾರೆ. ಇದರ ಉಲ್ಟಾ ತಪ್ಪೂ ಇದೆ: ತೀರಾ ಸಣ್ಣ ಸಮುದಾಯದಲ್ಲಿ ದೂರದ ಬಂಧುಗಳು ಅಕ್ಕತಂಗಿಯರಂತೆ ಕಂಡು, ಉಳಿಸಿಕೊಳ್ಳಬೇಕಾದ ನೊಣವನ್ನೇ ಕೈಬಿಟ್ಟಿರುತ್ತೀರಿ. ಹಾಗಾಗಿ ಎಲ್ಲ ನೊಣಗಳದ್ದು, ಗೂಡಿಗೊಂದರದ್ದು, ಎರಡೂ ಲೆಕ್ಕ ಕೊಡುವುದು ಕ್ಷೇಮ.

ಪ್ರತ್ಯೇಕವಾಗಿ ಉಳಿದ ಸಮುದಾಯ ನಿಜವಾಗಿ ಬೆಲೆ ತೆರುವುದು ಎಲ್ಲಿ ಎಂದು ತಿಳಿಯಬೇಕಾದರೆ ಗಂಡುಗಳನ್ನು ನೋಡಿ. ಲಿಂಗ ನಿರ್ಧರಿಸುವ ಜೀನಿನ ಎರಡು ಪ್ರತಿಗಳು ಬೇರೆಬೇರೆ ಇದ್ದರೆ ಮಾತ್ರ ಹೆಣ್ಣು. ರಾಣಿ ಕೂಡಿದ ಗಂಡಿನ ಪ್ರತಿ ಆಕೆಯ ಒಂದು ಪ್ರತಿಗೆ ಹೊಂದಿಬಿಟ್ಟರೆ, ಫಲಿತ ಮೊಟ್ಟೆಗಳಲ್ಲಿ ಅರ್ಧ ಕೆಲಸಗಾರ ನೊಣವಾಗುವ ಬದಲು ಎರಡು ಸೆಟ್ ಕ್ರೋಮೋಸೋಮಿನ ಗಂಡಾಗುತ್ತದೆ. ಗಂಡು ಗೂಡಿಗೆ ಮೇವು ತರುವುದಿಲ್ಲ. ಹಿಮ ಕರಗಿ ಮತ್ತೆ ಬೀಳುವುದರೊಳಗೆ ಹೊಸ ರಾಣಿಯರನ್ನು ಬೆಳೆಸಬೇಕಾದ ಗೂಡಿಗೆ ಇದು ದೊಡ್ಡ ಪೆಟ್ಟು. ಒಂದು ಗಂಡಿನಲ್ಲಿ ಹಲವು ಗುರುತುಗಳಲ್ಲಿ ಎರಡೆರಡು ಪ್ರತಿ ಕಂಡರೆ ಅನುಮಾನಿಸಿ. ಸ್ಯಾಂಪಲ್ ಅದಲುಬದಲಾಗಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಬರೆಯಿರಿ.

ಚಳಿಗೆ ಒಗ್ಗಿದ ಈ ನೊಣಗಳಿಗೆ ಹಿಮಯುಗ ಒಂದಾಗಿದ್ದ ಕಾಲ, ಬೆಚ್ಚಗಿನ ಈ ಕಾಲ ತಂಪಾದ ಶಿಖರಗಳಿಗೆ ಚದುರಿದ ಕಾಲ. ಹಿಮಯುಗ ಮುಗಿದು ಸುಮಾರು 11,700 ವರ್ಷ, ವರ್ಷಕ್ಕೊಂದು ತಲೆಮಾರು. ಸಣ್ಣ ಸಮುದಾಯದಲ್ಲಿ ಕೇವಲ ಆಕಸ್ಮಿಕದಿಂದ ಜೀನುಗಳ ಪ್ರಮಾಣ ಏರುಪೇರಾಗಲು ಅಷ್ಟು ಸಾಕು, ಪ್ರಭೇದ ಬೇರೆಯಾಗಲು ಸಾಕೋ ಇಲ್ಲವೋ ಎಂಬುದು ಬೇರೆ ಮಾತು. ಅಮೆರಿಕದ ಕೊಲೊರಾಡೊ ಶಿಖರಗಳಲ್ಲಿ ಬಾಂಬಸ್ ಸಿಲ್ವಿಕೋಲಾ ಎಂಬ ಬಂಬಲ್‌ಬೀ ಪ್ರಭೇದದ ಜೀನೋಮ್ (ಪೂರ್ತಿ ಡಿಎನ್‌ಎ) ಓದಿದಾಗ ಶಿಖರ-ಶಿಖರಗಳ ನಡುವೆ ಅಂತರ ಕಡಿಮೆಯೇ ಕಂಡಿತು. ದೊಡ್ಡ ಅಂತರ ಸಿಕ್ಕಿದ್ದು ಒಂದೇ ಶಿಖರದೊಳಗೆ: ಸಿಲ್ವಿಕೋಲಾ ಎಂದು ಹಿಡಿದವುಗಳಲ್ಲಿ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುವ ಇನ್ನೊಂದು ಪ್ರಭೇದ ಬೆರೆತಿತ್ತು. 2021ರಲ್ಲಿ ಅದಕ್ಕೆ ಬಾಂಬಸ್ ಇನ್‌ಕಾಗ್ನಿಟಸ್ ಎಂದು ಹೆಸರಿಟ್ಟರು. ಇಂಥ ಎರಡು ಪ್ರಭೇದಗಳು ಒಂದು ಶಿಖರದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಸಿಕ್ಕರೆ, ಅಕ್ಕತಂಗಿಯರ ಕಾಟವಿಲ್ಲದೆಯೂ ಇಲ್ಲದ ವ್ಯತ್ಯಾಸ ಮೂಡುತ್ತದೆ. ಕೂದಲ ಬಣ್ಣ ನಂಬಿ ಹೆಸರು ಹಚ್ಚುವವರಿಗೆ ಈ ಮಾತು.

ನಾಲಿಗೆಯ ಉದ್ದ ಅಳೆಯುವವರಿಗೂ ಒಂದು ಮಾತಿದೆ. ಇದೇ ಪರ್ವತಗಳ ಎರಡು ಪ್ರಭೇದಗಳಲ್ಲಿ ನಾಲ್ಕು ದಶಕಗಳಲ್ಲಿ ನಾಲಿಗೆ ಸುಮಾರು 24 ಶೇಕಡಾ ಗಿಡ್ಡವಾಗಿದೆ ಎಂದು 2015ರಲ್ಲಿ ಪ್ರಕಟವಾಯಿತು. ಕಣ್ಣೆದುರೇ ವಿಕಾಸ ಎಂದು ಎಲ್ಲರೂ ಸಂಭ್ರಮಿಸಿದರು. ಮುಂದೆ ಜೀನೋಮಿನಲ್ಲಿ ಹುಡುಕಿದಾಗ ಸ್ಪಷ್ಟವಾದ ಆನುವಂಶಿಕ ಕಾರಣ ಕೈಗೆ ಸಿಗಲಿಲ್ಲ. ನಾಲಿಗೆಯ ಉದ್ದ ಮೈಗಾತ್ರದ ಜೊತೆ ಬದಲಾಗುತ್ತದೆ, ಮರಿಹುಳುವಿಗೆ ಸಿಕ್ಕ ಮೇವಿನ ಮೇಲೆ ಮೈಗಾತ್ರ ನಿಂತಿರುತ್ತದೆ, ಒಂದೇ ಗೂಡಿನ ಕೆಲಸಗಾರ ನೊಣಗಳ ತೂಕದಲ್ಲಿ ಹತ್ತು ಪಟ್ಟಿನವರೆಗೂ ವ್ಯತ್ಯಾಸ ಇರುವುದುಂಟು. ಆದ್ದರಿಂದ ನಾಲಿಗೆಯ ಜೊತೆಗೆ, ಮೈಗಾತ್ರದ ಅಳತೆಯಾಗಿ, ಎದೆಯ ಮೇಲೆ ಎರಡು ರೆಕ್ಕೆಬುಡಗಳ ನಡುವಿನ ಅಂತರವನ್ನೂ ಅಳೆದು, ಪ್ರತಿ ನೊಣದ ಎದುರು ಅದರ ಗೂಡಿನ ಸಂಖ್ಯೆ ಬರೆದಿಡಿ.